ದೂರದ ಕಂಪ್ಯೂಟರಿನ ಕಡತವನ್ನು ಸಂಘದ ಪ್ರಿಂಟರಿನಲ್ಲಿ ಮುದ್ರಿಸುವ ಬಗೆ

(ಯಲಹಂಕದಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳ ಕಾರ್ಯದರ್ಶಿಗಳಿಗೆ ಹಾಗೂ ಹಾಲು ಪರೀಕ್ಷಕರಿಗೆ ನಡೆದ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಕೆಚ್ಚಲು ಬಾವಿನ ಬಗ್ಗೆಯೋ, ಹೊಟ್ಟೆಯುಬ್ಬರದ ಬಗ್ಗೆಯೋ ಮಾತನಾಡಬೇಕಾದ ದನದ ಡಾಕ್ಟರು ಇವತ್ತು ಪ್ರಿಂಟರಿನ ವಿಷಯ ಹಿಡಿದುಕೊಂಡು ನಿಂತಿದ್ದಾರಲ್ಲ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಕಾರಣವಿದೆ. ಈಗ ನಾನು ಹಳ್ಳಿಗೆ ಬಂದಾಗ ನನ್ನನ್ನು ನಿಲ್ಲಿಸಿ ಕೇಳುವ ಪ್ರಶ್ನೆಗಳಲ್ಲಿ ಅರ್ಧ ಹಸುವಿನವು, ಇನ್ನರ್ಧ ಕಾಗದದವು. "ಡಾಕ್ಟ್ರೇ, ರಕ್ತ ತಗೊಂಡು ಹೋದ್ರಲ್ಲ, ರಿಪೋರ್ಟ್ ಬಂತಾ?" "ಸಾರ್, ವಿಮೆಯವರು ಲಸಿಕೆ ಹಾಕಿಸಿದ ಕಾಗದ ಕೇಳ್ತಾರೆ." "ಬ್ಯಾಂಕಿನಲ್ಲಿ ಒಂದು ವರ್ಷದ ಹಾಲಿನ ಲೆಕ್ಕ ತಗೊಂಡು ಬಾ ಅಂದಿದ್ದಾರೆ, ಡೈರಿಯಲ್ಲಿ ಕೇಳಿದ್ರೆ ಪ್ರಿಂಟ್ ಬರ್ತಾ ಇಲ್ಲ ಅಂತಾರೆ." ವಿಚಿತ್ರವೆಂದರೆ ಈ ಮೂರೂ ಕಾಗದಗಳು ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇರುತ್ತವೆ. ಆದರೆ ಆ ಕಂಪ್ಯೂಟರು ಇರುವುದು ಬೇರೆ ಕಡೆ, ಕಾಗದ ಬೇಕಾಗಿರುವುದು ನಮ್ಮ ಹಳ್ಳಿಯಲ್ಲಿ. ನಡುವಿನ ಈ ದಾರಿಯ ಬಗ್ಗೆ ನಾನು ತಿಳಿದುಕೊಂಡದ್ದನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಸಂಘದಲ್ಲಿ ಹಾಲು ಅಳೆಯುವ ಯಂತ್ರಕ್ಕೆ ಕಟ್ಟಿರುವ ಪ್ರಿಂಟರಿನಿಂದ ಚೀಟಿ ಬರುವುದು ಬೇರೆ. ಅಲ್ಲಿ ತೂಕ, ಜಿಡ್ಡು, ಎಸ್.ಎನ್.ಎಫ್. ಎಲ್ಲ ಅದೇ ಮೇಜಿನ ಮೇಲೆ ಹುಟ್ಟಿ ಅದೇ ಮೇಜಿನ ಮೇಲೆ ಅಚ್ಚಾಗುತ್ತವೆ. ನಾನು ಹೇಳುತ್ತಿರುವುದು ತಾವು ಸಂಘದ ಕಂಪ್ಯೂಟರಿನಿಂದ ದೂರದ ಇನ್ನೊಂದು ಕಂಪ್ಯೂಟರಿನೊಳಕ್ಕೆ ಹೆಸರು, ಗುಪ್ತಪದ ಕೊಟ್ಟು ಪ್ರವೇಶಿಸಿ ಅಲ್ಲಿ ಕೆಲಸ ಮಾಡುವ ವಿಷಯ. ಇದಕ್ಕೆ ಟರ್ಮಿನಲ್ ಸೆಷನ್ ಎನ್ನುತ್ತಾರೆ. ಆಗ ತಮ್ಮ ಮುಂದಿರುವ ಪರದೆ ಬರೀ ಕಿಟಕಿ. ತಮ್ಮ ಬೆರಳು ಒತ್ತಿದ ಅಕ್ಷರ ಅಲ್ಲಿಗೆ ಹೋಗುತ್ತದೆ, ಅಲ್ಲಿ ನಡೆದ ಕೆಲಸದ ಚಿತ್ರ ಇಲ್ಲಿಗೆ ಬರುತ್ತದೆ. ಕಣ್ಣು ಮತ್ತು ಕೈ ಇಲ್ಲಿ, ದುಡಿಮೆ ಅಲ್ಲಿ.

ಈಗ ತಾವು "ಪ್ರಿಂಟ್" ಎಂದು ಒತ್ತುತ್ತೀರಿ. ಆಜ್ಞೆ ಯಾರಿಗೆ ಹೋಯಿತು? ದೂರದ ಕಂಪ್ಯೂಟರಿಗೆ. ಅದು ತನ್ನ ಪಕ್ಕದಲ್ಲಿರುವ ಪ್ರಿಂಟರನ್ನು ನೋಡಿ ಅಲ್ಲಿಯೇ ಅಚ್ಚು ಹಾಕುತ್ತದೆ. ಅದರ ತಪ್ಪೇನೂ ಇಲ್ಲ. ಫೋನಿನಲ್ಲಿ ಪೇಟೆಯ ಅಂಗಡಿಯವನಿಗೆ "ಒಂದು ಮೂಟೆ ಹಿಂಡಿ ಇಳಿಸಪ್ಪಾ" ಎಂದರೆ ಅವನು ತನ್ನ ಅಂಗಡಿಯ ಮುಂದೆ ಇಳಿಸಿದ ಹಾಗೆ. ಎಲ್ಲಿ ಇಳಿಸಬೇಕು ಎಂದು ಹೇಳದಿದ್ದರೆ ಅವನಿಗೆ ಗೊತ್ತಾಗುವುದು ಹೇಗೆ?

ಇದು ಬರೀ ಕಾಗದ ಹಾಳಾಗುವ ವಿಷಯವಲ್ಲ ಎಂದು ತೋರಿಸಲು ನಡೆದ ಒಂದು ಸಂಗತಿ ಹೇಳುತ್ತೇನೆ. ಊರಿನ ಹೆಸರು, ಕಚೇರಿಯ ಹೆಸರು ಬೇಡ. ಒಂದು ಸಂಘದಲ್ಲಿ ಹಸುಗಳು ಏಳು ತಿಂಗಳ ಗಬ್ಬದಲ್ಲಿ ಕಂದು ಹಾಕುತ್ತಿವೆ ಎಂದು ದೂರು ಬಂತು. ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್ ಇರಬಹುದೆಂದು ರಕ್ತದ ಮಾದರಿ ಪರೀಕ್ಷೆಗೆ ಹೋಯಿತು. ವರದಿ ಕಂಪ್ಯೂಟರಿನಲ್ಲಿ ಬಂದು ಕುಳಿತಿತು. ಸಂಘದ ಹುಡುಗ ಸೆಷನ್ ತೆರೆದು ಪ್ರಿಂಟ್ ಒತ್ತಿದ. ಕಾಗದ ಬರಲಿಲ್ಲ. ಮತ್ತೆ ಒತ್ತಿದ, ಮತ್ತೊಮ್ಮೆ ಒತ್ತಿದ. ಮೂರು ಪ್ರತಿಗಳು ಸುಮಾರು ಇಪ್ಪತ್ತು ಕಿಲೋಮೀಟರು ದೂರದ ಒಂದು ಕಚೇರಿಯ ವರಾಂಡದಲ್ಲಿದ್ದ ಪ್ರಿಂಟರಿನಿಂದ ಹೊರಬಂದವು. ಅಲ್ಲಿ ಅವತ್ತು ಜನ ತುಂಬಿದ್ದರು. ಯಾರೋ ಓದಿದರು. ಸಂಜೆಯೊಳಗೆ ಯಾರ ಮನೆಯ ಹಸುವಿಗೆ ಯಾವ ರೋಗ ಎಂಬುದು ಊರೆಲ್ಲ ಹಬ್ಬಿತು. ಹಸುವಿನ ಯಜಮಾನಿ ಎರಡು ಹಸು ಕಟ್ಟಿಕೊಂಡು ಮಕ್ಕಳನ್ನು ಓದಿಸುತ್ತಿರುವ ತಾಯಿ. ನೆರೆಯವರು ಆಕೆಯ ಮನೆಯ ನೀರು ಸಹ ಮುಟ್ಟದ ಹಾಗಾಯಿತು. ಆದರೆ ಆ ತಾಯಿಯ ಕೈಗೆ ಮಾತ್ರ ವರದಿ ಸೇರಲಿಲ್ಲ. ಊರಿಗೆಲ್ಲ ಗೊತ್ತಾದ ಮೇಲೆ ನಾಲ್ಕು ದಿನ ಆಕೆ ಅದೇ ಹಸುವಿನ ಸತ್ತೆ, ಮಾಸು ಬಿದ್ದಿದ್ದ ಜಾಗವನ್ನು ಬರಿಗೈಯಲ್ಲಿ ಬಳಿದು ಹಾಕುತ್ತಿದ್ದರು.

ಕಂದು ರೋಗ ಮನುಷ್ಯನಿಗೂ ಅಂಟುತ್ತದೆ ಎಂಬುದು ತಮಗೆ ಗೊತ್ತಿದೆ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲು ನೋವು, ಬೆವರು. ಎಷ್ಟೋ ಸಲ ಅದನ್ನು ಬೇರೆ ಜ್ವರವೆಂದು ತಿಳಿದು ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಾರೆ. ಮಾಸನ್ನು ಕೈಚೀಲ ಹಾಕದೆ ಮುಟ್ಟುವುದು, ಹಸಿ ಹಾಲು ಕುಡಿಯುವುದು, ಇವೇ ರೋಗ ಬರುವ ಮುಖ್ಯ ದಾರಿಗಳು. ಆ ತಾಯಿಯ ಕೈಗೆ ಕಾಗದ ಮೊದಲ ದಿನವೇ ಸೇರಿದ್ದರೆ, ಅದೂ ಆಕೆಯ ಕೈಗೆ ಮಾತ್ರ ಸೇರಿದ್ದರೆ, ಆ ನಾಲ್ಕು ದಿನ ಉಳಿಯುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಆದ್ದರಿಂದ ಕಾಗದ ಎಲ್ಲಿ ಬೀಳುತ್ತದೆ ಎಂಬುದನ್ನು ನಾನು ರೋಗ ತಡೆಯ ಕೆಲಸದ ಒಂದು ಭಾಗವೆಂದೇ ಎಣಿಸುತ್ತೇನೆ.

ಕೆಲಸ ಅಲ್ಲಿ, ಕಾಗದ ಇಲ್ಲಿ ಎಂಬ ಏರ್ಪಾಡು ಹೊಸದೇನಲ್ಲ. ಯಶವಂತಪುರ ರೈಲು ನಿಲ್ದಾಣದಲ್ಲಿ ಮುಂಗಡ ಟಿಕೆಟ್ ಕಾಯ್ದಿರಿಸುವ ಕೌಂಟರಿನ ಮುಂದೆ ತಾವೆಲ್ಲ ನಿಂತಿರುತ್ತೀರಿ. ಗಾಜಿನ ಆಚೆ ಕುಳಿತ ಗುಮಾಸ್ತರ ಮುಂದಿನ ಯಂತ್ರದಲ್ಲಿ ಸೀಟುಗಳ ಪಟ್ಟಿ ಇರುವುದಿಲ್ಲ. ರೈಲ್ವೆಯ ಕಾಯ್ದಿರಿಸುವ ದೊಡ್ಡ ಕಂಪ್ಯೂಟರುಗಳು ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಹೀಗೆ ಐದು ಕೇಂದ್ರಗಳಲ್ಲಿ ಬೆಳೆದುಬಂದವು. ಕಾನ್ಸರ್ಟ್ ಎಂಬ ಹೆಸರಿನ ತಂತ್ರಾಂಶ 1994ರಲ್ಲಿ ಸಿಕಂದರಾಬಾದಿನಲ್ಲಿ ಮೊದಲು ಜಾರಿಗೆ ಬಂತು. 1999ರ ಹೊತ್ತಿಗೆ ಐದೂ ಕೇಂದ್ರಗಳನ್ನು ಒಂದಕ್ಕೊಂದು ಜೋಡಿಸಿದರು. ಯಶವಂತಪುರದ ಗುಮಾಸ್ತರು ಒತ್ತಿದ ಅಕ್ಷರ ದೂರದ ಊರಿಗೆ ಹೋಗಿ, ಅಲ್ಲಿ ಸೀಟು ಗುರುತಾಗಿ, ಟಿಕೆಟ್ ಮಾತ್ರ ತಮ್ಮ ಮುಂದೆ ಕರಕರ ಎನ್ನುವ ಪ್ರಿಂಟರಿನಲ್ಲಿ ಬರುತ್ತದೆ. ಚೆನ್ನೈಯಲ್ಲೋ ದೆಹಲಿಯಲ್ಲೋ ಅಚ್ಚಾಗಿದ್ದರೆ ರೈಲು ಹತ್ತುವವರು ಯಾರು?

ನಮ್ಮ ರಾಜ್ಯದ ಪಹಣಿ ಕಥೆಯೂ ಇದೇ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದಾಗ ತಾಲ್ಲೂಕು ಕಚೇರಿಯ ಕಿಯಾಸ್ಕಿನಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆಯುತ್ತಿದ್ದೆವು. ಆಗ ದಾಖಲೆಯೂ ತಾಲ್ಲೂಕಿನ ಕಂಪ್ಯೂಟರಿನಲ್ಲಿ, ಪ್ರಿಂಟರೂ ಅದರ ಮಗ್ಗುಲಲ್ಲಿ. ಮುಂದೆ ಹೋಬಳಿಗಳಲ್ಲಿ ನೆಮ್ಮದಿ ಕೇಂದ್ರಗಳು, 2012ರಿಂದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದ ಮೇಲೆ ದಾಖಲೆ ದೂರವಾಯಿತು, ಕಾಗದ ಹತ್ತಿರವಾಯಿತು. ರೈತನಿಗೆ ಬಸ್ ಚಾರ್ಜು, ಒಂದು ದಿನದ ಕೂಲಿ ಉಳಿಯಿತು. ಸಂಘದಲ್ಲಿಯೂ ನಾವು ಮಾಡಬೇಕಾಗಿರುವುದು ಇಷ್ಟೇ.

ಇನ್ನು ಇದನ್ನು ಮಾಡುವ ವಿಧಾನಗಳಿಗೆ ಬರುತ್ತೇನೆ. ಒಟ್ಟು ಮೂರು ದಾರಿಗಳಿವೆ. ಮೊದಲನೆಯದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಅದರ ತೊಂದರೆಗಳನ್ನು ತಿಳಿದವರಿಗೆ ಮಿಕ್ಕ ಎರಡು ಸುಲಭ.

ಕಪ್ಪು ಪರದೆಯ ಮೇಲೆ ಬರೀ ಅಕ್ಷರಗಳು ಬರುವ ಸೆಷನ್‌ಗಳನ್ನು ತಾವು ನೋಡಿರಬಹುದು. ಈ ಪದ್ಧತಿ ಹಳೆಯ ಟರ್ಮಿನಲ್ ಯಂತ್ರಗಳ ಕಾಲದ್ದು. ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯವರು 1978ರಲ್ಲಿ ವಿ.ಟಿ.100 ಎಂಬ ಟರ್ಮಿನಲ್ ತಂದರು. ಅದರ ನಂತರದ ಮಾದರಿಗಳಲ್ಲಿ ಟರ್ಮಿನಲ್ಲಿನ ಬೆನ್ನಿಗೇ ಪ್ರಿಂಟರ್ ಕಟ್ಟುವ ಸೌಲಭ್ಯ ಬಂತು. ದೂರದ ಕಂಪ್ಯೂಟರಿನಿಂದ ಬರುವುದು ಒಂದೇ ತಂತಿ. ಅದರಲ್ಲಿ ಪರದೆಗೆ ಹೋಗಬೇಕಾದ ಅಕ್ಷರ ಯಾವುದು, ಪ್ರಿಂಟರಿಗೆ ಹೋಗಬೇಕಾದ ಅಕ್ಷರ ಯಾವುದು ಎಂದು ತಿಳಿಯುವುದು ಹೇಗೆ? ಅದಕ್ಕೆ ಒಂದು ಗುಟ್ಟಿನ ಸಂಕೇತ ಇಟ್ಟರು. ಎಸ್ಕೇಪ್ ಅಕ್ಷರ, ಅದರ ಹಿಂದೆ ಎಡಗಡೆಯ ಚೌಕ ಕಂಸ, ಆಮೇಲೆ ಅಂಕೆ 5, ಕೊನೆಗೆ ಇಂಗ್ಲಿಷಿನ ಚಿಕ್ಕ ಐ. ಇದು ಬಂದ ಕೂಡಲೆ ಟರ್ಮಿನಲ್ "ಇನ್ನು ಮುಂದೆ ಬರುವುದೆಲ್ಲ ಪ್ರಿಂಟರಿಗೆ" ಎಂದು ಬಾಗಿಲು ತೆರೆಯುತ್ತದೆ. ಅದೇ ಸಂಕೇತದಲ್ಲಿ 5ರ ಬದಲು 4 ಬಂದರೆ ಬಾಗಿಲು ಮುಚ್ಚಿ ಮತ್ತೆ ಪರದೆಗೆ ತಿರುಗುತ್ತದೆ. ಕಾಲುವೆಯ ನೀರನ್ನು ಈ ಮಡಿಗೆ ಬಿಟ್ಟು, ಮಣ್ಣು ಎಳೆದು ಆ ಮಡಿಗೆ ತಿರುಗಿಸಿದ ಹಾಗೆ, ಅಷ್ಟೆ.

ದೂರದ ಯಂತ್ರದಲ್ಲಿ ಇದಕ್ಕಾಗಿ ಮೂರು ಸಾಲಿನ ಪುಟ್ಟ ಆಜ್ಞೆ ಬರೆದಿಡುತ್ತಾರೆ. ಮೊದಲ ಸಾಲು ಬಾಗಿಲು ತೆರೆಯುವ ಸಂಕೇತ, ನಡುವಿನ ಸಾಲು ಕ್ಯಾಟ್ ಎಂಬ ಆಜ್ಞೆಯಿಂದ ಕಡತವನ್ನು ಹರಿಯಬಿಡುವುದು, ಕೊನೆಯ ಸಾಲು ಮುಚ್ಚುವ ಸಂಕೇತ. (ಕ್ಯಾಟ್ ಎಂದರೆ ಬೆಕ್ಕೇ, ಆದರೆ ಡೈರಿಯಲ್ಲಿ ಇದೊಂದು ಬೆಕ್ಕನ್ನು ಬಿಟ್ಟುಕೊಳ್ಳಬಹುದು.) ಇದನ್ನು ಒಮ್ಮೆ ಬರೆದು ಹೆಸರಿಟ್ಟರೆ ಆಮೇಲೆ ಆ ಹೆಸರು ಮತ್ತು ಕಡತದ ಹೆಸರು ಟೈಪು ಮಾಡಿದರೆ ಸಾಕು.

ಈಗ ಟರ್ಮಿನಲ್ ಯಂತ್ರಗಳು ಮೂಲೆ ಸೇರಿವೆ. ಅವುಗಳ ವೇಷ ಹಾಕಿಕೊಂಡ ತಂತ್ರಾಂಶಗಳು ಬಂದಿವೆ. ಹಣ ಕೊಡದೆ ದೊರೆಯುವ ಪುಟ್ಟಿ ಎಂಬುದನ್ನು ಹಲವರು ಬಳಸುತ್ತಾರೆ. ನಮ್ಮ ಗಾರೆಯವರ ಪುಟ್ಟಿ ಅಲ್ಲ, ಹೆಸರು ಮಾತ್ರ ಒಂದೇ. ಅದರಲ್ಲಿ ಟರ್ಮಿನಲ್ ಎಂಬ ಪುಟ ತೆರೆದರೆ ದೂರದಿಂದ ನಿಯಂತ್ರಿಸುವ ಮುದ್ರಣ ಎಂಬ ಅರ್ಥ ಬರುವ ಇಂಗ್ಲಿಷ್ ಶೀರ್ಷಿಕೆಯ ಕೆಳಗೆ ಪ್ರಿಂಟರ್ ಆರಿಸುವ ಒಂದು ಪಟ್ಟಿ ಇದೆ. ಮೊದಲಿಗೆ ಅದರಲ್ಲಿ ಯಾವ ಪ್ರಿಂಟರೂ ಬೇಡ ಎಂದೇ ಇರುತ್ತದೆ. ಅಲ್ಲಿ ಸಂಘದ ಪ್ರಿಂಟರನ್ನು ಆರಿಸಿ, ಆ ಸೆಷನ್ನನ್ನು ಉಳಿಸಿಕೊಳ್ಳಬೇಕು. ಈ ಒಂದು ಕೆಲಸ ಮಾಡದೆ "ದೂರದವರು ಕಳಿಸಿಲ್ಲ" ಎಂದು ದೂರುವವರೇ ಹೆಚ್ಚು.

ಈ ದಾರಿಯಲ್ಲಿ ಬರುವ ತೊಂದರೆಗಳು ಇಂಥವು. ಕಾಗದದ ಮೇಲೆ ಸಾಲುಗಳು ಮೆಟ್ಟಿಲಿನ ಹಾಗೆ ಬಲಕ್ಕೆ ಇಳಿಯುತ್ತಾ ಹೋಗಿ ಅಂಚಿನಲ್ಲಿ ಮಾಯವಾಗುತ್ತವೆ. ಇದನ್ನು ಕಂಡು ಪ್ರಿಂಟರ್ ಕೆಟ್ಟಿತು ಎಂದು ರಿಪೇರಿಗೆ ಹೊತ್ತುಕೊಂಡು ಹೋದವರಿದ್ದಾರೆ. ಪ್ರಿಂಟರಿಗೆ ಏನೂ ಆಗಿರುವುದಿಲ್ಲ. ಯುನಿಕ್ಸ್, ಲೈನಕ್ಸ್ ಜಾತಿಯ ಯಂತ್ರಗಳು ಸಾಲಿನ ಕೊನೆಯಲ್ಲಿ "ಕೆಳಗಿಳಿ" ಎಂದು ಮಾತ್ರ ಹೇಳುತ್ತವೆ. ನಮ್ಮ ಪ್ರಿಂಟರಿಗೆ "ಕೆಳಗಿಳಿ, ಎಡಕ್ಕೆ ಬಾ" ಎಂದು ಎರಡೂ ಹೇಳಬೇಕು. ಪ್ರಿಂಟರಿನ ಸೆಟ್ಟಿಂಗಿನಲ್ಲಿ ಕೆಳಗಿಳಿದಾಗ ತಾನಾಗಿ ಎಡಕ್ಕೆ ಬರುವ ಹಾಗೆ ಮಾಡಬಹುದು. ಇಲ್ಲವೆ ಕಳಿಸುವ ಮುಂಚೆ ಕಡತದ ಸಾಲು ಕೊನೆಗಳನ್ನು ಬದಲಾಯಿಸುವ ಆಜ್ಞೆಯನ್ನು ಆ ಮೂರು ಸಾಲಿನೊಳಗೆ ಸೇರಿಸಿಸಬಹುದು. ಎರಡನೆಯದೇ ಒಳ್ಳೆಯದು, ಪ್ರಿಂಟರ್ ಬದಲಾದರೂ ತೊಂದರೆಯಿಲ್ಲ.

ಇನ್ನೊಂದು, ಪುಟದ ಕೊನೆ. ಲೇಸರ್ ಪ್ರಿಂಟರು ಒಂದು ಪುಟ ತುಂಬುವ ತನಕ, ಇಲ್ಲವೆ "ಪುಟ ಬಿಡು" ಎಂಬ ಸಂಕೇತ ಬರುವ ತನಕ ಕಾಗದವನ್ನು ಹೊಟ್ಟೆಯಲ್ಲಿಯೇ ಇಟ್ಟುಕೊಳ್ಳುತ್ತದೆ. ಇಪ್ಪತ್ತು ಸಾಲಿನ ಪುಟ್ಟ ವರದಿ ಕಳಿಸಿದರೆ ಬರುವುದೇ ಇಲ್ಲ. ಮುಂದಿನವರ ಕಾಗದ ಬಂದಾಗ ಅದರ ಜೊತೆ ಅಂಟಿಕೊಂಡು ಬರುತ್ತದೆ. ಒಬ್ಬರ ಹಸುವಿನ ವರದಿ ಇನ್ನೊಬ್ಬರ ಬಟವಾಡೆ ಪಟ್ಟಿಯ ತಲೆಯ ಮೇಲೆ. ಕಡತದ ಕೊನೆಗೆ ಪುಟ ಬಿಡುವ ಸಂಕೇತ ಸೇರಿಸಿದರೆ ಈ ಅನಾಹುತ ತಪ್ಪುತ್ತದೆ.

ಲೈನು ಕಡಿದಾಗ ಆಗುವುದು ಇದಕ್ಕಿಂತ ಕೆಟ್ಟದ್ದು. ತೆರೆಯುವ ಸಂಕೇತ ಬಂದು, ಮುಚ್ಚುವ ಸಂಕೇತ ಬರದೆ ಹೋದರೆ ಪರದೆ ಸತ್ತ ಹಾಗೆ ನಿಲ್ಲುತ್ತದೆ. ತಾವು ಏನು ಒತ್ತಿದರೂ ಕಾಣಿಸುವುದಿಲ್ಲ, ಏಕೆಂದರೆ ಎಲ್ಲವೂ ಪ್ರಿಂಟರಿನ ಕಡೆಗೆ ಹರಿಯುತ್ತಿರುತ್ತದೆ. ಆಗ ಗಾಬರಿಯಾಗಿ ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಬಾರದು. ಆ ಕಿಟಕಿ ಮುಚ್ಚಿ, ಪ್ರಿಂಟರಿನ ಸರದಿಯಲ್ಲಿ ಅರ್ಧ ನಿಂತಿರುವ ಕೆಲಸವನ್ನು ತೆಗೆದುಹಾಕಿ, ಹೊಸದಾಗಿ ಸೆಷನ್ ತೆರೆಯಬೇಕು.

ಅಗ್ಗದ ಪ್ರಿಂಟರುಗಳ ಬಗ್ಗೆಯೂ ಒಂದು ಮಾತು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಬರೀ ಅಕ್ಷರ ಕಳಿಸಿದರೆ ಅಚ್ಚು ಹಾಕುತ್ತದೆ. ಈಗ ಬರುವ ಹಲವು ಸಣ್ಣ ಪ್ರಿಂಟರುಗಳಿಗೆ ಬರೀ ಅಕ್ಷರ ಅರ್ಥವಾಗುವುದಿಲ್ಲ. ವಿಂಡೋಸ್ ಇಡೀ ಪುಟವನ್ನು ಚಿತ್ರವಾಗಿ ಬರೆದುಕೊಟ್ಟರೆ ಮಾತ್ರ ಅವು ಮುದ್ರಿಸುತ್ತವೆ. ಮೊದಲನೆಯ ದಾರಿಗೆ ಅವು ಒಗ್ಗುವುದಿಲ್ಲ. ಖರೀದಿ ಮಾಡುವಾಗ ಆಡಳಿತ ಮಂಡಳಿಯವರು ಬೆಲೆ ಒಂದನ್ನೇ ನೋಡಬಾರದು.

ಕನ್ನಡದ ವಿಷಯ ಹೇಳದಿದ್ದರೆ ಈ ಮಾತು ಪೂರ್ತಿಯಾಗುವುದಿಲ್ಲ. ಪ್ರಿಂಟರಿನ ಹೊಟ್ಟೆಯಲ್ಲಿ ಇಂಗ್ಲಿಷ್ ಅಕ್ಷರಗಳ ಅಚ್ಚು ಮೊದಲೇ ಇರುತ್ತದೆ, ಕನ್ನಡದ್ದು ಸಾಮಾನ್ಯವಾಗಿ ಇರುವುದಿಲ್ಲ. ಹಿಂದೆ ಡಾಸ್ ಕಾಲದಲ್ಲಿ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡನ್ನು ಕಂಪ್ಯೂಟರಿನೊಳಗೆ ಕೂರಿಸಿ ಭಾರತೀಯ ಭಾಷೆಗಳನ್ನು ಪರದೆಗೂ ಕಾಗದಕ್ಕೂ ತರುತ್ತಿದ್ದರು. ಈಗ ಯೂನಿಕೋಡಿನಲ್ಲಿ ಬರೆದ ಕನ್ನಡ ಪಟ್ಟಿಯನ್ನು ಮೊದಲನೆಯ ದಾರಿಯಲ್ಲಿ ಡಾಟ್ ಮ್ಯಾಟ್ರಿಕ್ಸಿಗೆ ಹರಿಯಬಿಟ್ಟರೆ ಕಾಗದದ ಮೇಲೆ ಇರುವೆ ಸಾಲಿನಂಥ ಗುರುತುಗಳು ಬರುತ್ತವೆ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ ಕಡತವಾದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಸದಸ್ಯರ ಹೆಸರು ಕನ್ನಡದಲ್ಲಿಯೇ ಬೇಕು, ಬೇಕೇ ಬೇಕು. ಹಾಗಿದ್ದರೆ ಮುಂದಿನ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯಬೇಕು.

ಎರಡನೆಯದು ರಿಮೋಟ್ ಡೆಸ್ಕ್‌ಟಾಪ್. ದೂರದ ವಿಂಡೋಸ್ ಯಂತ್ರದ ಪೂರ್ತಿ ಪರದೆ ತಮ್ಮ ಮುಂದೆ ಬರುತ್ತದೆ. ಇಲ್ಲಿ ಜೋಡಿಸಿಕೊಳ್ಳುವ ಮುಂಚೆಯೇ ಆಯ್ಕೆಗಳನ್ನು ತೆರೆದು, ಸ್ಥಳೀಯ ಸಾಧನಗಳು ಎಂಬ ಅರ್ಥದ ಪುಟದಲ್ಲಿ ಪ್ರಿಂಟರ್ಸ್ ಎಂಬುದರ ಮುಂದೆ ಗುರುತು ಹಾಕಬೇಕು. ಆಗ ಸಂಘದ ಪ್ರಿಂಟರು ಆ ದೂರದ ಯಂತ್ರದ ಪಟ್ಟಿಯಲ್ಲಿ ನೆಂಟನ ಹಾಗೆ ಕಾಣಿಸಿಕೊಳ್ಳುತ್ತದೆ, ಹೆಸರಿನ ಮುಂದೆ ರಿಡೈರೆಕ್ಟೆಡ್ ಎಂದೂ ಒಂದು ಸಂಖ್ಯೆಯೂ ಇರುತ್ತದೆ. ಮೊದಲೆಲ್ಲ ನಮ್ಮ ಪ್ರಿಂಟರಿನ ಡ್ರೈವರನ್ನು ದೂರದ ಯಂತ್ರದಲ್ಲಿಯೂ ಹಾಕಿಸಬೇಕಾಗಿತ್ತು. ವಿಂಡೋಸ್ ಸರ್ವರ್ 2008ರಿಂದ ಈಜಿ ಪ್ರಿಂಟ್ ಎಂಬ ಸೌಲಭ್ಯ ಬಂದ ಮೇಲೆ ಅದರ ಅಗತ್ಯ ಬಹುಮಟ್ಟಿಗೆ ತಪ್ಪಿದೆ. ಪುಟವನ್ನು ಅಲ್ಲಿಯೇ ಬಿಡಿಸಿ ಕಳಿಸುವುದರಿಂದ ಕನ್ನಡವೂ ನೆಟ್ಟಗೆ ಬರುತ್ತದೆ.

ಇಲ್ಲಿ ಎರಡು ಎಚ್ಚರ. ನೆಂಟ ಇರುವುದು ಸೆಷನ್ ಇರುವ ತನಕ. ಪ್ರಿಂಟ್ ಒತ್ತಿ, ಹಾಲಿನ ವ್ಯಾನು ಬಂತೆಂದು ತಕ್ಷಣ ಸೆಷನ್ ಮುಚ್ಚಿ ಎದ್ದುಹೋದರೆ ಕಾಗದ ನಡುದಾರಿಯಲ್ಲಿಯೇ ಉಳಿಯುತ್ತದೆ. ಎರಡನೆಯದು, ಪ್ರಿಂಟ್ ಒತ್ತುವ ಮುಂಚೆ ಪ್ರಿಂಟರಿನ ಹೆಸರನ್ನು ಓದಿ. ಗಡಿಬಿಡಿಯಲ್ಲಿ ಅಲ್ಲಿಯ ಕಚೇರಿಯ ಪ್ರಿಂಟರೇ ಆಯ್ಕೆಯಾಗಿರುತ್ತದೆ. ಆ ತಾಯಿಯ ವರದಿಗೆ ಆದದ್ದು ಇದೇ. ಕಾಗದ ಬರಲಿಲ್ಲವೆಂದರೆ ಮತ್ತೆ ಒತ್ತಬೇಡಿ. ಎಲ್ಲಿಗೆ ಹೋಯಿತು ಎಂದು ಮೊದಲು ಹುಡುಕಿ, ಅಲ್ಲಿಗೆ ಫೋನು ಮಾಡಿ, ಪ್ರತಿಯನ್ನು ಎತ್ತಿಡಿಸಿ.

ಮೂರನೆಯ ದಾರಿಯಲ್ಲಿ ಗುಟ್ಟೇನೂ ಇಲ್ಲ. ಕಡತವನ್ನೇ ಪಿ.ಡಿ.ಎಫ್. ಮಾಡಿ ಸಂಘದ ಕಂಪ್ಯೂಟರಿಗೆ ಇಳಿಸಿಕೊಂಡು ಇಲ್ಲಿಂದ ಮುದ್ರಿಸುವುದು. ಲೈನು ಆಗಾಗ ಹೋಗುವ ಕಡೆ ನಾನು ಇದನ್ನೇ ಹೇಳುತ್ತೇನೆ. ಒಮ್ಮೆ ಇಳಿದ ಮೇಲೆ ಲೈನು ಹೋದರೂ ಚಿಂತೆಯಿಲ್ಲ, ಕರೆಂಟು ಬಂದಾಗ ಮುದ್ರಿಸಬಹುದು. ಬಟವಾಡೆ ಪಟ್ಟಿಯಂಥವು ಲೆಕ್ಕಪರಿಶೋಧಕರಿಗೆ ಬೇಕಾಗುತ್ತವೆ, ಉಳಿಸಿಟ್ಟರೆ ಅನುಕೂಲ. ಆದರೆ ಸಂಘದ ಕಂಪ್ಯೂಟರನ್ನು ಊರ ಹುಡುಗರೆಲ್ಲ ಮುಟ್ಟುತ್ತಾರಲ್ಲ, ರೋಗದ ವರದಿಗಳನ್ನು ಮಾತ್ರ ಮುದ್ರಿಸಿದ ಕೂಡಲೆ ಅಲ್ಲಿಂದ ಅಳಿಸಬೇಕು. ಯಲಹಂಕದ ನಿವೇದಿ ಸಂಸ್ಥೆಯವರು ಯಾವ ಜಿಲ್ಲೆಗಳಲ್ಲಿ ಯಾವ ರೋಗ ಬರಬಹುದು ಎಂದು ತಿಂಗಳ ಮುನ್ಸೂಚನೆ ಹೊರಡಿಸುತ್ತಾರೆ. ಅಂಥದ್ದನ್ನು ಇಳಿಸಿಕೊಂಡು ಮುದ್ರಿಸಿ ಸೂಚನಾ ಫಲಕಕ್ಕೆ ಅಂಟಿಸಿ, ಯಾರು ಓದಿದರೂ ಒಳ್ಳೆಯದೇ.

ಈಗ ಹಣಕ್ಕೆ ಸಂಬಂಧಿಸಿದ ಒಂದು ಮುಖ್ಯ ಮಾತು. ಈ ದಾರಿಗಳಲ್ಲಿ ಕಾಗದ ನಿಜವಾಗಿಯೂ ಬಂತೇ ಇಲ್ಲವೇ ಎಂಬುದು ದೂರದ ಕಂಪ್ಯೂಟರಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಅದು ಕಳಿಸಿತು, ಕೆಲಸ ಮುಗಿಯಿತು ಎಂದು ತಿಳಿಯುತ್ತದೆ. ಇಲ್ಲಿ ಕಾಗದ ಮುಗಿದಿರಬಹುದು, ರಿಬ್ಬನ್ ಹರಿದಿರಬಹುದು, ಇಲಿ ವೈರು ಕಚ್ಚಿರಬಹುದು. "ಮುದ್ರಣ ಸರಿಯಾಯಿತೇ?" ಎಂದು ಪರದೆ ಕೇಳಿದಾಗ ಕಾಗದವನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಹೌದು ಎನ್ನಬೇಕು. ರೈಲ್ವೆಯವರು ಟಿಕೆಟ್ ಕಾಗದದ ಮೇಲೆ ಮೊದಲೇ ಕ್ರಮಸಂಖ್ಯೆ ಅಚ್ಚು ಹಾಕಿಸಿರುವುದು ಸುಮ್ಮನೆ ಅಲ್ಲ. ನಮ್ಮಲ್ಲಿಯೂ ಬಟವಾಡೆ ಚೀಟಿ, ಪ್ರೋತ್ಸಾಹಧನದ ಪಟ್ಟಿ ಇವುಗಳಿಗೆ ಕ್ರಮಸಂಖ್ಯೆ ಇರಬೇಕು, ಎರಡನೆಯ ಸಲ ಮುದ್ರಿಸಿದ್ದರ ಮೇಲೆ "ನಕಲು" ಎಂದು ಬರಬೇಕು. ಸರ್ಕಾರದ ಪ್ರೋತ್ಸಾಹಧನ ಈಗ ನೇರವಾಗಿ ಉತ್ಪಾದಕರ ಬ್ಯಾಂಕ್ ಖಾತೆಗೆ ಹೋಗುವುದರಿಂದ ಹಣ ಎರಡು ಸಲ ಹೋಗುವ ಭಯವಿಲ್ಲ. ಆದರೆ ಯಾರ ಹೆಸರು ಬಿಟ್ಟಿದೆ ಎಂದು ತಿಳಿಯಲು ಆ ಪಟ್ಟಿಯೇ ಆಧಾರ. ಅರ್ಧ ಮುದ್ರಣವಾದ ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ ಕೊನೆಯ ಪುಟದವರೆಲ್ಲ ತಮಗೆ ಬಂದಿಲ್ಲವೆಂದು ಜಗಳಕ್ಕೆ ಬರುತ್ತಾರೆ. ಲೈನು ಕಡಿದಿದ್ದರೆ ಪೂರ್ತಿ ಮತ್ತೆ ಮುದ್ರಿಸದೆ, ನಿಂತ ಪುಟದಿಂದ ಮುಂದಕ್ಕೆ ಮುದ್ರಿಸಿ.

ರಿಬ್ಬನ್ ವಿಷಯದಲ್ಲಿ ಜಿಪುಣತನ ಬೇಡ. ರಿಬ್ಬನ್ ಸವೆದಾಗ 3ಕ್ಕೂ 8ಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಜಿಡ್ಡು 3.3 ಎಂಬುದನ್ನು 3.8 ಎಂದು ಓದಿಕೊಂಡ ಉತ್ಪಾದಕರಿಗೆ ಹಣ ಬಂದಾಗ ಕಾರ್ಯದರ್ಶಿ ಕಳ್ಳನೆಂದೇ ಕಾಣುತ್ತಾನೆ. ಸೂಜಿ ಒಂದು ಮುರಿದಿದ್ದರೆ ಪ್ರತಿ ಸಾಲಿನಲ್ಲಿಯೂ ಒಂದು ಬಿಳಿ ಗೆರೆ ಬರುತ್ತದೆ, ಕಿವಿಯೋಲೆಯ 12 ಅಂಕಿಗಳಲ್ಲಿ ಒಂದು ತಪ್ಪಾಗಿ ಓದಲು ಅಷ್ಟು ಸಾಕು. ಹಸು ಸತ್ತಾಗ ಕಿವಿಯೋಲೆಯ ಸಂಖ್ಯೆಗೂ ಕಾಗದದ ಸಂಖ್ಯೆಗೂ ತಾಳೆಯಾಗದೆ ವಿಮೆಯ ಹಣ ನಿಲ್ಲುತ್ತದೆ. ಶಾಖದಿಂದ ಅಚ್ಚಾಗುವ ನುಣುಪು ಕಾಗದದ ಚೀಟಿಗಳು ಇನ್ನೊಂದು ಬಗೆ. ಬಿಸಿಲಿಗೂ ಒಲೆಯ ಕಾವಿಗೂ ಅವು ಮಾಸಿ ಬೆಳ್ಳಗಾಗುತ್ತವೆ. ಅಡಿಗೆಮನೆಯ ಗೂಡಿನಲ್ಲಿ ಇಟ್ಟ ಚೀಟಿ ಬ್ಯಾಂಕಿಗೆ ಹೋಗುವ ಹೊತ್ತಿಗೆ ಬರೀ ಕಾಗದ. ಸಾಲಕ್ಕೋ ವಿಮೆಗೋ ಬೇಕಾದದ್ದನ್ನು ಡಾಟ್ ಮ್ಯಾಟ್ರಿಕ್ಸಿನಲ್ಲಿ ಕಾರ್ಬನ್ ಪ್ರತಿಯೊಡನೆ ಕೊಡಿ, ಒಂದು ಅವರಿಗೆ, ಒಂದು ಸಂಘದ ಕಡತಕ್ಕೆ. ಲೇಸರ್ ಪ್ರಿಂಟರನ್ನು ಸಣ್ಣ ಯು.ಪಿ.ಎಸ್.ಗೆ ಹಾಕಬೇಡಿ, ಅದು ಕಾಯುವಾಗ ಎಳೆಯುವ ವಿದ್ಯುತ್ತಿಗೆ ಯು.ಪಿ.ಎಸ್. ತಡೆಯುವುದಿಲ್ಲ.

ಗುಪ್ತಪದದ ಬಗ್ಗೆ ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟ ಗುಪ್ತಪದಗಳನ್ನು ಎಷ್ಟೋ ಸಂಘಗಳಲ್ಲಿ ನೋಡಿದ್ದೇನೆ. ದಯವಿಟ್ಟು ಆ ಕ್ಯಾಲೆಂಡರುಗಳನ್ನು ಇವತ್ತೇ ಇಳಿಸಿ.

ಆ ತಾಯಿಯ ವಿಷಯ ಏನಾಯಿತೆಂದು ಕೆಲವರು ಕೇಳಬಹುದು. ಆಕೆಯ ಎರಡು ಹಸುಗಳಲ್ಲಿ ರೋಗ ಇದ್ದದ್ದು ಒಂದಕ್ಕೆ. ಅದನ್ನು ಬೇರೆ ಕಟ್ಟಿಸಿದೆವು, ಕೊಟ್ಟಿಗೆಯನ್ನು ಸುಣ್ಣ ಹಾಕಿ ತೊಳೆಸಿದೆವು, ಆಕೆಯನ್ನೂ ಮಕ್ಕಳನ್ನೂ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದೆವು. ಆಕೆಗೆ ಜ್ವರ ಹಿಡಿದಿತ್ತು, ವೈದ್ಯರು ಪೂರ್ತಿ ಅವಧಿಯ ಔಷಧಿ ಕೊಟ್ಟರು. ಊರಿನಲ್ಲಿ ಒಂದು ಸಭೆ ಮಾಡಿ ಕಾಯಿಸಿದ ಹಾಲಿನಿಂದ ಈ ರೋಗ ಬರುವುದಿಲ್ಲ, ಆಕೆಯ ಮನೆಯ ನೀರಿನಿಂದಲೂ ಬರುವುದಿಲ್ಲ ಎಂದು ತಿಳಿಸಿ ಹೇಳಿದ ಮೇಲೆ ಮಾತುಕತೆ ಮತ್ತೆ ಶುರುವಾಯಿತು. ಅದಕ್ಕೆ ಎರಡು ತಿಂಗಳು ಹಿಡಿಯಿತು.

ತಮ್ಮ ಊರಿನ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಕಂದು ರೋಗದ ಲಸಿಕೆ ಹಾಕಿಸಿ. ಜೀವಮಾನಕ್ಕೆ ಒಂದೇ ಸಲ, ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಉಚಿತ. ಗಂಡು ಕರುಗಳಿಗೂ, ಗಬ್ಬದ ಹಸುಗಳಿಗೂ ಹಾಕಬಾರದು. ಹಾಕಿಸಿದ ಮೇಲೆ ಕಿವಿಯೋಲೆಯ ಸಂಖ್ಯೆಯೊಂದಿಗೆ ಭಾರತ್ ಪಶುಧನ್ ವ್ಯವಸ್ಥೆಯಲ್ಲಿ ದಾಖಲಾಗಿದೆಯೇ ಎಂದು ಕೇಳಿ.

ಊಟದ ನಂತರ ಪಕ್ಕದ ಕೋಣೆಯಲ್ಲಿ ಎರಡು ಕಂಪ್ಯೂಟರು, ಒಂದು ಡಾಟ್ ಮ್ಯಾಟ್ರಿಕ್ಸು, ಒಂದು ಲೇಸರ್ ಇಟ್ಟಿದ್ದೇವೆ. ತಮ್ಮ ಸಂಘದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಂದ ಕಾಗದ, ಇರುವೆ ಸಾಲಿನ ಕಾಗದ ಯಾರಾದರೂ ತಂದಿದ್ದರೆ ಅಲ್ಲಿಗೆ ತನ್ನಿ, ಒಂದೊಂದಾಗಿ ನೋಡೋಣ.